ಮೆಟ್ ಒಪೆರಾದಲ್ಲಿ ಎಲ್ಲಿ ಕೂರಬೇಕು? ಮೇಲಿನ ಸೀಟಿನ ಪರವಾಗಿ

ಊರಿನ ಸಿನಿಮಾ ಟಾಕೀಸಿನ ಲೆಕ್ಕ ಸುಲಭ ಇತ್ತು. ಪರದೆ ಹತ್ತಿರ ಗಾಂಧಿ ಕ್ಲಾಸ್, ಕಡಿಮೆ ದುಡ್ಡು. ಮೇಲೆ ಬಾಲ್ಕನಿ, ಜಾಸ್ತಿ ದುಡ್ಡು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾಗೆ (ಚಿಕ್ಕದಾಗಿ ಮೆಟ್), ಅಂದರೆ ಹಾಡಿನಲ್ಲೇ ನಾಟಕ ನಡೆಯುವ ರಂಗಮಂದಿರಕ್ಕೆ, ಬಂದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಕೆಳಗೆ ಮುಂದಿನ ಸಾಲಿಗೆ 300 ಡಾಲರ್ ದಾಟಿದ ದಿನವೂ ತುತ್ತತುದಿಯಲ್ಲಿ 50 ಡಾಲರಿನೊಳಗೆ ನನಗೆ ಸೀಟು ಸಿಕ್ಕಿದೆ. ಅಷ್ಟು ಅಗ್ಗ ಅಂದಮೇಲೆ ಅದು ಕೆಟ್ಟ ಸೀಟೇ ಇರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. 2011ರಿಂದ ಹೋಗುತ್ತಿದ್ದೇನೆ, ಆರೂ ಅಂತಸ್ತಿನಲ್ಲಿ ಕೂತಿದ್ದೇನೆ, ಹಿಂದೆ ನಿಂತೂ ನೋಡಿದ್ದೇನೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಈ ಕಟ್ಟಡದಲ್ಲಿ ಸಂಗೀತ ಮೇಲಕ್ಕೇರುತ್ತದೆ. ಮುಖ ನೋಡಬೇಕು ಅನ್ನುವವರು ಕೆಳಗೆ ಕೂರಿ. ಹಾಡು ಕೇಳಬೇಕು ಅನ್ನುವವರು ಮೇಲೆ ಹತ್ತಿ.

ಮೊದಲು ಜಾಗ ಎಷ್ಟು ದೊಡ್ಡದು ಅಂತ ಗೊತ್ತಿರಲಿ. ಬೆಂಗಳೂರಿನ ಚೌಡಯ್ಯ ಹಾಲ್‌ನಲ್ಲಿ ಸುಮಾರು ಸಾವಿರ ಜನ ಕೂರಬಹುದು. ಮೆಟ್‌ನಲ್ಲಿ ಸುಮಾರು 3,800 ಸೀಟು. ವೇದಿಕೆಯ ಬಾಯಿ 54 ಅಡಿ ಅಗಲ, 54 ಅಡಿ ಎತ್ತರ. ಇಷ್ಟು ದೊಡ್ಡ ಜಾಗದಲ್ಲಿ ಹಾಡುವವರಿಗೆ ಮೈಕ್ ಇಲ್ಲ! ಇದು ಗೊತ್ತಿಲ್ಲದೆ ಬಂದವರು ಮೊದಲ ಐದು ನಿಮಿಷ ಧ್ವನಿ ಸಣ್ಣ ಇದೆ ಅಂತ ಬೇಜಾರಾಗುತ್ತಾರೆ. ನಮ್ಮ ಕಿವಿ ಸ್ಪೀಕರಿಗೆ ಒಗ್ಗಿಹೋಗಿದೆ, ಅಷ್ಟೇ. ಸ್ವಲ್ಪ ಹೊತ್ತು ತಾಳಿ, ಕಿವಿ ತಾನಾಗಿ ಹೊಂದಿಕೊಳ್ಳುತ್ತದೆ, ಆಮೇಲೆ ಒಬ್ಬ ಮನುಷ್ಯನ ಬರೀ ಗಂಟಲು ಅಷ್ಟು ದೊಡ್ಡ ವಾದ್ಯಗಳ ತಂಡವನ್ನು ದಾಟಿ ನಿಮ್ಮ ತನಕ ಬರುವುದು ಗೊತ್ತಾಗುತ್ತದೆ. ಮೈಕ್ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಇಲ್ಲಿ ಸೀಟು ಆರಿಸುವುದು ಇಷ್ಟು ಮುಖ್ಯ. ಸ್ಪೀಕರ್ ಇದ್ದ ಕಡೆ ಎಲ್ಲಿ ಕೂತರೂ ಒಂದೇ ಧ್ವನಿ. ಇಲ್ಲಿ ನಾಲ್ಕು ಸಾಲು ಹಿಂದೆ ಮುಂದೆ ಆದರೂ ಬೇರೆ ಧ್ವನಿ.

ಅಂತಸ್ತುಗಳ ಹೆಸರು ಹೀಗಿವೆ. ನೆಲಮಟ್ಟದಲ್ಲಿ ಆರ್ಕೆಸ್ಟ್ರಾ, ಅದರ ಮೇಲೆ ಪಾರ್ಟೇರ್, ಆಮೇಲೆ ಗ್ರ್ಯಾಂಡ್ ಟಿಯರ್, ಡ್ರೆಸ್ ಸರ್ಕಲ್, ಬಾಲ್ಕನಿ, ಎಲ್ಲಕ್ಕಿಂತ ಮೇಲೆ ಫ್ಯಾಮಿಲಿ ಸರ್ಕಲ್. ಆರ್ಕೆಸ್ಟ್ರಾ ಅಂದರೆ ವಾದ್ಯದವರ ಪಕ್ಕದ ಸೀಟು ಅಂತ ನನ್ನ ಸ್ನೇಹಿತರೊಬ್ಬರು ತಿಳಿದುಕೊಂಡಿದ್ದರು. ಹಾಗಲ್ಲ. ಕೆಳಗಿನ ಇಡೀ ಅಂಗಳಕ್ಕೆ ಆ ಹೆಸರು, ಅದು ತುಂಬಾ ಹಿಂದಕ್ಕೆ ಹೋಗುತ್ತದೆ.

ನಾನು ಮೋಸ ಹೋಗಿದ್ದೂ ಅಲ್ಲೇ.

2011ರ ನವೆಂಬರಿನಲ್ಲಿ ಅಮ್ಮ ಶಿರಸಿಯಿಂದ ಬಂದಿದ್ದರು. ಆಗ ಮೆಟ್‌ನಲ್ಲಿ ಅಮೆರಿಕದ ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ ಅವರ ‘ಸತ್ಯಾಗ್ರಹ’ ನಡೆಯುತ್ತಿತ್ತು. ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿ ಕಳೆದ ದಿನಗಳ ಕಥೆ ಅದು. ಹಾಡುವುದೆಲ್ಲ ಸಂಸ್ಕೃತದಲ್ಲಿ, ಭಗವದ್ಗೀತೆಯ ಶ್ಲೋಕಗಳು. ಅಮ್ಮನಿಗೆ ಗೀತೆ ಬಾಯಿಪಾಠ. ಇದಕ್ಕಿಂತ ಒಳ್ಳೆ ಅವಕಾಶ ಸಿಗಲ್ಲ ಅಂತ ಅವಸರದಲ್ಲಿ ಯಾವುದೋ ಮರುಮಾರಾಟದ ವೆಬ್‌ಸೈಟಿನಲ್ಲಿ ಎರಡು ಟಿಕೆಟ್ ತಗೊಂಡೆ. ‘ಆರ್ಕೆಸ್ಟ್ರಾ’ ಅಂತ ಮಾತ್ರ ಬರೆದಿತ್ತು. ಬೆಲೆ ನೋಡಿ ಒಳ್ಳೆಯದೇ ಇರುತ್ತದೆ ಅಂದುಕೊಂಡೆ. ಹೋಗಿ ನೋಡಿದರೆ ಹಿಂದಿನಿಂದ ಮೂರನೇ ಸಾಲು, ಅದೂ ಬದಿಗೆ. ತಲೆ ಮೇಲೆ ಪಾರ್ಟೇರ್ ಅಂತಸ್ತಿನ ತಳ ಮುಚ್ಚಿಕೊಂಡಿತ್ತು. ಶುರುವಾಗುವ ಮುಂಚೆ ಮೇಲೇರುವ ದೀಪದ ಗೊಂಚಲು ಕಾಣಲಿಲ್ಲ. ಚಿನ್ನದ ರೇಕಿನ ಚಾವಣಿ ಕಾಣಲಿಲ್ಲ. ಧ್ವನಿ ಕೇಳುತ್ತಿತ್ತು, ಆದರೆ ಮುಚ್ಚಿದ ಬಾಗಿಲಿನ ಆಚೆ ಯಾರೋ ಹಾಡಿದ ಹಾಗೆ. ಆ ಒಪೆರಾದಲ್ಲಿ ಎದುರು ಸೀಟಿನ ಬೆನ್ನಿಗಿರುವ ಸಣ್ಣ ಪರದೆಯಲ್ಲಿ ಅನುವಾದ ಬರುವುದಿಲ್ಲ, ಬೇಕಾದ ಮಾತುಗಳನ್ನು ವೇದಿಕೆಯ ಸೆಟ್ಟಿನ ಮೇಲೇ ಬೆಳಕಿನಲ್ಲಿ ಮೂಡಿಸುತ್ತಾರೆ. ನಮ್ಮ ಬದಿಯಿಂದ ಅದರಲ್ಲಿ ಒಂದಷ್ಟು ಕಾಣಲೇ ಇಲ್ಲ. ವಿರಾಮದಲ್ಲಿ ಅಮ್ಮ, ‘ಹಾಡು ಕೇಳ್ತು ಮಗಾ, ಆದ್ರೆ ಮುಟ್ಟಲಿಲ್ಲ’ ಅಂದರು. ಅಮ್ಮ ಬೈದಿದ್ದರೂ ಇಷ್ಟು ಬೇಜಾರಾಗುತ್ತಿರಲಿಲ್ಲ ನನಗೆ.

ಮುಂದಿನ ವಾರ ಮೆಟ್‌ನ ಕೌಂಟರಿಗೇ ಹೋದೆ. ಇರುವುದು ಹೇಳಿದೆ: ಅಮ್ಮ ಬಂದಿದ್ದಾರೆ, ಹಾಡು ಚೆನ್ನಾಗಿ ಕೇಳಬೇಕು, ದುಡ್ಡು ಜಾಸ್ತಿ ಹಾಕೋಕೆ ಆಗಲ್ಲ. ಕೌಂಟರಿನ ಆಚೆ ಇದ್ದವರು ಒಂದು ಕ್ಷಣವೂ ಯೋಚಿಸದೆ ಫ್ಯಾಮಿಲಿ ಸರ್ಕಲ್, ಮಧ್ಯದ ಭಾಗ, ಮುಂದಿನ ಸಾಲುಗಳು ಅಂದರು. ಹಿಂದಿನ ವಾರ ಕೊಟ್ಟಿದ್ದರ ಕಾಲು ಭಾಗವೂ ಆಗಲಿಲ್ಲ. ಆರನೇ ಅಂತಸ್ತು ಅಂದಾಗ ಅಮ್ಮ ಹೆದರಿದರು. ಲಿಫ್ಟ್ ಇದೆ, ಆದರೆ ಒಳಗೆ ಸಾಲಿನಿಂದ ಸಾಲಿಗೆ ಮೆಟ್ಟಿಲು ತುಂಬಾ ಕಡಿದು. ನಾನು ಒಂದು ಮೆಟ್ಟಿಲು ಕೆಳಗೆ ನಿಂತು ಅಮ್ಮನ ಕೈ ಹಿಡಿದು ಇಳಿಸಿದೆ. ಕೂತಮೇಲೆ ನೋಡಿದರೆ ವೇದಿಕೆ ದೂರದ ಗೊಂಬೆಮನೆ ಹಾಗೆ, ಆದರೆ ಪೂರ್ತಿ, ಒಂದು ಮೂಲೆಯೂ ಬಿಡದೆ. ಗಾಂಧಿ ಪಾತ್ರಧಾರಿ ‘ಯೋತ್ಸ್ಯಮಾನಾನವೇಕ್ಷೇಽಹಂ’ ಅಂತ ಮೆಲ್ಲಗೆ ಶುರು ಮಾಡಿದರು. ಅಷ್ಟು ಮೆತ್ತಗಿನ ಧ್ವನಿ ಅಷ್ಟು ಎತ್ತರಕ್ಕೆ ಬಂದು, ಪಕ್ಕದಲ್ಲಿ ಕೂತು ಹೇಳಿದ ಹಾಗೆ ಕೇಳಿತು. ಅಮ್ಮ ತುಟಿ ಆಡಿಸುತ್ತಿದ್ದರು. ಕೊನೆಯಲ್ಲಿ ಒಂದೇ ಸ್ವರಸಾಲು ಮತ್ತೆ ಮತ್ತೆ ಏರುತ್ತಾ ‘ಸಂಭವಾಮಿ ಯುಗೇ ಯುಗೇ’ ಬಂದಾಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಅದೇ ಒಪೆರಾ. ಬದಲಾಗಿದ್ದು ಸೀಟು ಒಂದೇ.

ಯಾಕೆ ಹೀಗೆ ಅಂದರೆ, ಕೆಳಗೆ ಹಿಂದಿನ ಸಾಲುಗಳಿಗೆ ಮೇಲಿನ ಅಂತಸ್ತು ಕೊಡೆಯ ಹಾಗೆ ಅಡ್ಡ ಬರುತ್ತದೆ. ಚಾವಣಿಗೆ ತಾಗಿ ಹಿಂದಿರುಗುವ ಧ್ವನಿ ಅವರಿಗೆ ಸಿಗುವುದಿಲ್ಲ. ಫ್ಯಾಮಿಲಿ ಸರ್ಕಲಿನವರು ಚಾವಣಿಯ ಹತ್ತಿರವೇ ಇರುತ್ತಾರೆ. ವಾದ್ಯ ಮತ್ತು ಗಂಟಲು ಎರಡೂ ಹದವಾಗಿ ಬೆರೆತು ಅಲ್ಲಿಗೆ ಬರುತ್ತವೆ. ತೀರಾ ಮುಂದೆ ಕೂತರೆ ಇನ್ನೊಂದು ತರದ ತೊಂದರೆ: ವಾದ್ಯದವರ ಹಳ್ಳ ಪಕ್ಕದಲ್ಲೇ ಇರುತ್ತದೆ, ಹಾಡುಗಾರರ ಧ್ವನಿ ನಿಮ್ಮ ತಲೆ ಮೇಲೆ ಹಾರಿಹೋಗುತ್ತದೆ. ಬಯಲಾಟಕ್ಕೆ ಹೋದಾಗ ಚಂಡೆಯ ಬದಿಗೆ ತೀರಾ ಹತ್ತಿರ ಕೂರಬೇಡ, ಭಾಗವತರ ಪದ ಕೇಳಲ್ಲ ಅಂತ ಅಜ್ಜ ಹೇಳುತ್ತಿದ್ದರು. ಅದೇ ಮಾತು ಇಲ್ಲಿಗೂ ಸರಿ.

ಮೆಟ್ಟಿನ ಈಗಿನ ಕಟ್ಟಡ ತೆರೆದಿದ್ದು 1966ರ ಸೆಪ್ಟೆಂಬರ್ 16ರಂದು. ಅದಕ್ಕೆ ಮುಂಚೆ 1883ರಿಂದ ಬ್ರಾಡ್‌ವೇ ಮತ್ತು 39ನೇ ಬೀದಿಯ ಹತ್ತಿರ ಹಳೆಯ ಮೆಟ್ ಇತ್ತು. ಅಲ್ಲಿ ಬದಿಯ ಎಷ್ಟೋ ಸೀಟಿಗೆ ವೇದಿಕೆ ಸರಿಯಾಗಿ ಕಾಣುತ್ತಿರಲಿಲ್ಲ. ಹೊಸದು ಎಷ್ಟೋ ವಾಸಿ, ಆದರೆ ಬದಿಯ ತೊಂದರೆ ಇಲ್ಲೂ ಪೂರ್ತಿ ಹೋಗಿಲ್ಲ. ಅದಕ್ಕೆ ಪಾರ್ಟೇರ್ ಅಂತಸ್ತಿನ ಬಾಕ್ಸ್, ಅಂದರೆ ಕೆಲವೇ ಕುರ್ಚಿಗಳ ಸಣ್ಣ ಗೂಡು, ಅದರ ಬಗ್ಗೆ ಎಚ್ಚರಿಕೆ ಹೇಳಬೇಕು. ಬಾಕ್ಸ್ ಅಂದ ಕೂಡಲೇ ರಾಜಮನೆತನದ ಸೀಟು ಅನ್ನಿಸುತ್ತದೆ. ಮಧ್ಯದ ಬಾಕ್ಸ್, ಮುಂದಿನ ಕುರ್ಚಿ ಆದರೆ ಹೌದು, ತುಂಬಾ ಚೆನ್ನ. ವೇದಿಕೆಗೆ ಹತ್ತಿರದ ಬದಿಯ ಬಾಕ್ಸಿನಲ್ಲಿ ಹಿಂದಿನ ಕುರ್ಚಿ ಸಿಕ್ಕಿತೋ, ನಿಮ್ಮ ಕಡೆಯ ಅರ್ಧ ವೇದಿಕೆ ಮರೆತುಬಿಡಿ. ಕತ್ತು ಚಾಚಿ ಚಾಚಿ ಸಾಕಾಗುತ್ತದೆ. ಹಿಂದಿನ ಕುರ್ಚಿಗಳನ್ನು ಕಡಿಮೆ ಬೆಲೆಗೆ ಮಾರುತ್ತಾರೆ. ವಾದ್ಯದವರನ್ನು, ಅವರನ್ನು ನಡೆಸುವ ಕಂಡಕ್ಟರರ ಮುಖವನ್ನು ನೋಡುವ ಆಸೆ ಇದ್ದವರಿಗೆ ಮುಂದಿನ ಕುರ್ಚಿ ಒಂದು ಸಲಕ್ಕೆ ಸರಿ. ಮೊದಲ ಸಲ ಬರುವವರಿಗೆ ಬೇಡವೇ ಬೇಡ.

ಗ್ರ್ಯಾಂಡ್ ಟಿಯರ್ ಮುಂದಿನ ಸಾಲುಗಳು ಚೆನ್ನಾಗಿವೆ. ನೋಟಕ್ಕೂ ಕಿವಿಗೂ ಒಟ್ಟಿಗೆ ಒಳ್ಳೆಯದು ಬೇಕು, ದುಡ್ಡು ಪರವಾಗಿಲ್ಲ ಅನ್ನುವವರಿಗೆ ನಾನು ಹೇಳುವುದು ಅದೇ. ಅಲ್ಲೂ ಹಿಂದಿನ ಸಾಲಿಗೆ ಮೇಲಿನ ಅಂತಸ್ತಿನ ಕೊಡೆ ಇದೆ, ನೆನಪಿರಲಿ. ಡ್ರೆಸ್ ಸರ್ಕಲ್ ಮಧ್ಯದ ಮುಂದಿನ ಸಾಲು, ಬೆಲೆಗೂ ಗುಣಕ್ಕೂ ನೋಡಿದರೆ, ತುಂಬಾ ಜನ ಗಮನಿಸದೆ ಬಿಡುವ ಜಾಗ. ಬಾಲ್ಕನಿಯೂ ಹಾಗೇ.

ಫ್ಯಾಮಿಲಿ ಸರ್ಕಲ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಮನಸ್ಸು ಅಲ್ಲೇ ಇದೆ. ಎಲ್ಲಾ ಸೀಟೂ ಒಂದೇ ಅಲ್ಲ. ಎ ಸಾಲು ಎಲ್ಲಕ್ಕಿಂತ ಮುಂದೆ ಅಂತ ಹಾತೊರೆಯಬೇಡಿ, ಅಲ್ಲಿ ಬೀಳದಂತೆ ಹಾಕಿದ ಕಂಬಿ ಕಣ್ಣಿನ ನೇರಕ್ಕೆ ಬರುತ್ತದೆ, ಎತ್ತರ ಕಡಿಮೆ ಇರುವವರಿಗೆ ಜಾಸ್ತಿ. ಬಿ, ಸಿ, ಡಿ ಸಾಲು, ಆದಷ್ಟು ಮಧ್ಯಕ್ಕೆ, ನೋಡಿ. ಬದಿಗೆ ಸರಿದಷ್ಟೂ ವೇದಿಕೆಯ ಒಂದು ಕಡೆ ತಪ್ಪುತ್ತದೆ. ತೀರಾ ಹಿಂದಿನ ಸಾಲಿನಲ್ಲೂ ಕಿವಿಗೆ ನಷ್ಟ ಇಲ್ಲ, ಕಣ್ಣಿಗೆ ಮಾತ್ರ ಇನ್ನೂ ದೂರ. ಬೈನಾಕ್ಯುಲರ್ ತಗೊಂಡು ಹೋಗಿ. ಹಕ್ಕಿ ನೋಡುವವರು ಇಟ್ಟುಕೊಳ್ಳುವ ಸಣ್ಣದು ಸಾಕು. ಆದರೆ ಇಡೀ ಹೊತ್ತು ಅದರಲ್ಲೇ ನೋಡಬೇಡಿ, ಒಂದು ಮುಖ ಕಂಡರೂ ಉಳಿದ ವೇದಿಕೆ ಹೋಗುತ್ತದೆ. ಮುಖ್ಯವಾದ ಹಾಡಿಗೆ ಮಾತ್ರ ಎತ್ತಿಕೊಳ್ಳಿ.

ಮೇಲೆ ಕೂರುವುದರಲ್ಲಿ ಇನ್ನೊಂದು ಅನುಕೂಲ ಇದೆ, ಇದನ್ನು ಯಾರೂ ಹೇಳುವುದಿಲ್ಲ. ಮೆಟ್‌ನಲ್ಲಿ 1995ರಿಂದ ಎದುರು ಸೀಟಿನ ಬೆನ್ನ ಮೇಲೆ ಅನುವಾದದ ಪರದೆ ಇದೆ. ಗುಂಡಿ ಒತ್ತಿದರೆ ಇಂಗ್ಲಿಷ್ ಬರುತ್ತದೆ, ಬೇಕಿದ್ದರೆ ಜರ್ಮನ್, ಸ್ಪ್ಯಾನಿಷ್. ಪಕ್ಕದವರ ಪರದೆ ನಿಮಗೆ ಕಾಣದ ಹಾಗೆ ಮಾಡಿದ್ದಾರೆ. ಕೆಳಗೆ ಮುಂದಿನ ಸಾಲಲ್ಲಿ ಕೂತವರು ವೇದಿಕೆ ನೋಡಲು ತಲೆ ಎತ್ತಬೇಕು, ಓದಲು ತಲೆ ತಗ್ಗಿಸಬೇಕು. ಮೂರು ಗಂಟೆ ಹೀಗೆ ಮಾಡಿದರೆ ಕತ್ತು ಹಿಡಿಯುತ್ತದೆ, ಅಲ್ವಾ? ಮೇಲಿನಿಂದ ನೀವು ಹೇಗೂ ಕೆಳಗೇ ನೋಡುತ್ತಿರುತ್ತೀರಿ. ವೇದಿಕೆ ಮತ್ತು ಪರದೆ ಹೆಚ್ಚು ಕಡಿಮೆ ಒಂದೇ ನೇರದಲ್ಲಿ ಇರುತ್ತವೆ. ಕಣ್ಣು ಸ್ವಲ್ಪ ಇಳಿಸಿದರೆ ಸಾಕು. ಇಟಾಲಿಯನ್ ಗೊತ್ತಿಲ್ಲದ ನಮ್ಮಂಥವರು ಪ್ರತಿ ಸಾಲನ್ನೂ ಓದಿಕೊಂಡೇ ನೋಡುವುದು, ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

ಯಾವ ಒಪೆರಾ ಅನ್ನುವುದರ ಮೇಲೂ ಸೀಟು ಬದಲಾಗುತ್ತದೆ. ಇಟಲಿಯ ನಿರ್ದೇಶಕ ಫ್ರಾಂಕೊ ಜೆಫಿರೆಲ್ಲಿ ಅವರು 1981ರಲ್ಲಿ ಮಾಡಿದ ‘ಲಾ ಬೊಹೆಮ್’ ರಂಗರೂಪ ಇನ್ನೂ ನಡೆಯುತ್ತಿದೆ. ಎರಡನೇ ಅಂಕದಲ್ಲಿ ಪ್ಯಾರಿಸ್ ಬೀದಿಯೇ ವೇದಿಕೆ ಮೇಲೆ ಬರುತ್ತದೆ, ಇನ್ನೂರಕ್ಕೂ ಹೆಚ್ಚು ಜನ, ಮೇಲೆ ಬೀದಿ, ಕೆಳಗೆ ಕಾಫಿ ಅಂಗಡಿ. ಪರದೆ ಏಳುತ್ತಲೇ ಜನ ಚಪ್ಪಾಳೆ ತಟ್ಟುತ್ತಾರೆ. ಅದನ್ನು ಎತ್ತರದಿಂದ ನೋಡಿದರೇ ಚೆನ್ನ. ನಮ್ಮ ಜಾತ್ರೆಯನ್ನು ಮಹಡಿ ಮೇಲಿಂದ ನೋಡಿದ ಹಾಗೆ, ಪ್ರತಿ ಮೂಲೆಯಲ್ಲಿ ಏನೋ ನಡೆಯುತ್ತಿರುತ್ತದೆ. ಅದೇ ಒಪೆರಾದ ಮೊದಲ ಅಂಕ ಒಂದು ಪುಟ್ಟ ಅಟ್ಟದ ಕೋಣೆ, ಇಬ್ಬರು ಕತ್ತಲಲ್ಲಿ ಮಾತಾಡುವುದು. ಅದು ಮೇಲಿನವರಿಗೆ ದೂರ ಅನ್ನಿಸುವುದು ನಿಜ, ಬೈನಾಕ್ಯುಲರ್ ಬೇಕಾಗುವುದು ಆಗ. ಮೊಜಾರ್ಟರ ‘ಫಿಗರೋ’ ತರದ್ದು ಪೂರ್ತಿ ಮುಖಭಾವದ ಆಟ: ಒಬ್ಬರು ಅಡಗುವುದು, ಇನ್ನೊಬ್ಬರು ಹುಡುಕುವುದು, ಕಣ್ಣಲ್ಲೇ ಮಾತು. ಒಂದೇ ಒಂದು ಸಲ ದುಡ್ಡು ಹಾಕಿ ಕೆಳಗೆ ಕೂರುವುದಾದರೆ ಅಂಥದ್ದಕ್ಕೆ ಹಾಕಿ, ಅದೂ ಮಧ್ಯದ ಸಾಲು, ತೀರಾ ಮುಂದೆ ಬೇಡ. ಸಾಲಿನ ಹೆಸರು ಎರಡೆರಡು ಅಕ್ಷರಕ್ಕೆ ಬಂದಿತು ಅಂದರೆ, ಎಎ, ಬಿಬಿ ಅಂತ, ನೀವು ಹಿಂದೆ ಬಂದಿರಿ ಅಂತ ಅರ್ಥ. ಆ ದುಡ್ಡಿಗೆ ಮೇಲೆ ಹೋಗಿ.

ಜರ್ಮನಿಯ ವಾಗ್ನರ್ ಬರೆದ ಒಪೆರಾ ಇದ್ದರೆ ನಾನು ಯೋಚಿಸುವುದೇ ಇಲ್ಲ, ಮೇಲೆ. ಅವರ ವಾದ್ಯಗಳ ಸಂಗೀತ ಅಲ್ಲಿಗೆ ಒಂದಾಗಿ ಬಂದು ಮುಟ್ಟುವ ರೀತಿ ಕೆಳಗೆ ಎಲ್ಲೂ ನನಗೆ ಸಿಕ್ಕಿಲ್ಲ. ಆದರೆ ಕಾಲಿನ ಬಗ್ಗೆ ಯೋಚಿಸಿ. ‘ಮೈಸ್ಟರ್‌ಸಿಂಗರ್’ ವಿರಾಮ ಸೇರಿ ಆರು ಗಂಟೆ ಹತ್ತಿರ ಹೋಗುತ್ತದೆ. ಮೇಲೆ ಮೊಣಕಾಲಿಗೆ ಜಾಗ ಕಮ್ಮಿ. ಅಂಥ ದಿನ ಸಾಲಿನ ತುದಿಯ ಸೀಟು ತಗೊಂಡು ಸ್ವಲ್ಪ ಬದಿ ಆದರೂ ಪರವಾಗಿಲ್ಲ ಅಂತ ನಾನು ಒಪ್ಪಿಕೊಳ್ಳುತ್ತೇನೆ.

ನಿಂತು ನೋಡುವ ಜಾಗವೂ ಇದೆ. ಆರ್ಕೆಸ್ಟ್ರಾ ಹಿಂದೆ ಮತ್ತು ಫ್ಯಾಮಿಲಿ ಸರ್ಕಲ್ ಹಿಂದೆ. ಒರಗಿಕೊಳ್ಳಲು ಕಂಬಿ, ಅದರ ಮೇಲೆ ಅನುವಾದದ ಪರದೆ. ಚಿಕ್ಕ ವಯಸ್ಸಿನವರಿಗೆ, ಎರಡು ಎರಡೂವರೆ ಗಂಟೆಯ ಒಪೆರಾಗೆ, ಒಳ್ಳೆಯದೇ. ಮೇಲೆ ನಿಲ್ಲಿ ಅಂತ ನನ್ನ ಸಲಹೆ, ಕೆಳಗಿನದಕ್ಕೆ ಆ ಕೊಡೆಯ ತೊಂದರೆ ಇದೆ. ಇನ್ನೊಂದು ವಿಶೇಷ ಜಾಗ ಇದೆ, ಸ್ಕೋರ್ ಡೆಸ್ಕ್ ಅಂತ. ಫ್ಯಾಮಿಲಿ ಸರ್ಕಲಿನ ಬದಿಯಲ್ಲಿ ಒಂದು ಮೇಜು, ಒಂದು ಸಣ್ಣ ದೀಪ. ವೇದಿಕೆ ಕಾಣುವುದಿಲ್ಲ. ಸಂಗೀತ ಕಲಿಯುವವರು ಸ್ವರಲಿಪಿ ಬಿಡಿಸಿಟ್ಟುಕೊಂಡು ಕೇಳುವುದಕ್ಕೆ ಅದು. ಅಗ್ಗ ಇದೆ ಅಂತ ವಿಚಾರಿಸದೆ ತಗೊಂಡುಬಿಡಬೇಡಿ. ಮಕ್ಕಳು ಪಿಯಾನೋ, ಪಿಟೀಲು ಕಲಿಯುತ್ತಿದ್ದರೆ ಒಂದು ಸಲ ಕರೆದುಕೊಂಡು ಹೋಗಿ ಕೂರಿಸಿ, ಎಷ್ಟು ಗಮನ ಕೊಟ್ಟು ಕೇಳುತ್ತಾರೆ ನೋಡಿ.

ದೊಡ್ಡವರನ್ನು ಕರೆದುಕೊಂಡು ಹೋಗುವವರಿಗೆ: ಮಂಡಿ ನೋವು, ತಲೆಸುತ್ತು ಇದ್ದರೆ ಫ್ಯಾಮಿಲಿ ಸರ್ಕಲ್ ಬೇಡ. ಲಿಫ್ಟ್ ಮೇಲಿನ ತನಕ ಬರುತ್ತದೆ, ನಿಜ, ಆದರೆ ಒಳಗಿನ ಆ ಕಡಿದಾದ ಮೆಟ್ಟಿಲು ಇಳಿದೇ ತೀರಬೇಕು, ಕೆಳಗೆ ನೋಡಿದರೆ ಆಳ ಕಾಣುತ್ತದೆ. 2011ರಲ್ಲಿ ಅಮ್ಮನಿಗೆ ಅದು ಸಾಧ್ಯ ಆಯಿತು. ಎಂಟು ವರ್ಷ ಆದಮೇಲೆ ಮತ್ತೆ ಬಂದಾಗ ಆಗುತ್ತಿರಲಿಲ್ಲ. ಆಗ ಗ್ರ್ಯಾಂಡ್ ಟಿಯರ್ ಮುಂದಿನ ಸಾಲಿಗೆ ದುಡ್ಡು ಕೂಡಿಟ್ಟು ತಗೊಂಡೆ. ಆ ದುಡ್ಡಿಗೆ ನನಗೆ ಒಂದಿಷ್ಟೂ ಬೇಸರ ಇಲ್ಲ.

ಟಿಕೆಟ್ ಯಾವತ್ತೂ ಮೆಟ್‌ನವರ ಸ್ವಂತ ವೆಬ್‌ಸೈಟಿನಲ್ಲೋ ಕೌಂಟರಿನಲ್ಲೋ ತಗೊಳ್ಳಿ. ಸೀಟಿನ ನಕ್ಷೆ ತೆರೆದು ಒಂದೊಂದು ಸೀಟಿನ ಮೇಲೆ ಒತ್ತಿ ನೋಡಿ. ನೋಟಕ್ಕೆ ಅಡ್ಡಿ ಇದ್ದರೆ ಅಲ್ಲಿ ಬರೆದಿರುತ್ತದೆ. ಅದೇ ದಿನದ ಆಟಕ್ಕೆ 25 ಡಾಲರಿನ ರಶ್ ಟಿಕೆಟ್ ಕೂಡ ಬಿಡುತ್ತಾರೆ, ವಾರದ ದಿನಗಳ ಸಂಜೆ ಆಟಕ್ಕೆ ಮಧ್ಯಾಹ್ನ 12ಕ್ಕೆ. ಕಂಪ್ಯೂಟರ್ ಮುಂದೆ ಐದು ನಿಮಿಷ ಮೊದಲೇ ಕೂತಿರಿ, ಬೇಗ ಖಾಲಿ ಆಗುತ್ತದೆ. ಸಿಕ್ಕಿದ್ದು ತಗೋಬೇಕು ಅಷ್ಟೇ, ಆದರೆ 25 ಡಾಲರಿಗೆ ನನಗೆ ಎರಡು ಸಲ ಆರ್ಕೆಸ್ಟ್ರಾದಲ್ಲಿ ತುಂಬಾ ಒಳ್ಳೆಯ ಸೀಟು ಬಂದಿದೆ.

ಎಷ್ಟೇ ಒಳ್ಳೆ ಸೀಟು ತಗೊಂಡರೂ ತಡವಾದರೆ ಉಪಯೋಗ ಇಲ್ಲ. ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ, ವಿರಾಮದ ತನಕ ಹೊರಗೆ ಟಿವಿಯಲ್ಲಿ ನೋಡಬೇಕು. ಒಂದು ಸಲ ರೈಲು ತಡವಾಗಿ ಮೊದಲ ಅಂಕ ಪೂರ್ತಿ ಹಾಗೆ ಕಳೆದೆ. ಈಗ ಮುಕ್ಕಾಲು ಗಂಟೆ ಮುಂಚೆ ಹೋಗುತ್ತೇನೆ. ಒಂದನೇ ನಂಬರಿನ ಸಬ್‌ವೇ ಹಿಡಿದು 66ನೇ ಬೀದಿಯಲ್ಲಿ ಇಳಿದರೆ ಮೆಟ್ ಇರುವ ಲಿಂಕನ್ ಸೆಂಟರ್ ಅಲ್ಲೇ. ಮುಂದಿನ ಗಾಜಿನ ಗೋಡೆಯೊಳಗೆ ಚಿತ್ರಕಾರ ಮಾರ್ಕ್ ಶಗಾಲರ ಎರಡು ದೊಡ್ಡ ಚಿತ್ರಗಳು ಇವೆ, ನಿಧಾನಕ್ಕೆ ನೋಡಿ. ಬಟ್ಟೆಯ ಚಿಂತೆ ಬೇಡ. ಅಮ್ಮ ಇಳಕಲ್ ಸೀರೆ ಉಟ್ಟು ಬಂದಿದ್ದರು, ನಾನು ಆಫೀಸಿನ ಬಟ್ಟೆಯಲ್ಲೇ ಹೋಗುತ್ತೇನೆ. ಚಳಿಗಾಲದ ದಪ್ಪ ಕೋಟನ್ನು ಮಾತ್ರ ಕೆಳಗೆ ಒಪ್ಪಿಸಿ ಹೋಗಿ, ಮೇಲಿನ ಸೀಟಲ್ಲಿ ಅದನ್ನು ತೊಡೆ ಮೇಲೆ ಇಟ್ಟುಕೊಂಡರೆ ಕೈಯಾಡಿಸಲು ಜಾಗ ಇರಲ್ಲ.

ಮತ್ತೆ, ದೀಪ ಆರುವ ಮುಂಚೆ ಸೀಟಲ್ಲಿ ಇರಿ. ಆಸ್ಟ್ರಿಯಾ ಸರ್ಕಾರ ಉಡುಗೊರೆ ಕೊಟ್ಟ ಹರಳಿನ ಗೊಂಚಲುಗಳು ನಿಧಾನವಾಗಿ ಮಂಕಾಗುತ್ತಾ ಮೇಲೇರುತ್ತವೆ. ಕೆಳಗಿನವರಿಗೆ ಅವು ದೂರ ಹೋಗುತ್ತವೆ. ಫ್ಯಾಮಿಲಿ ಸರ್ಕಲಿನವರ ಕಡೆಗೆ ಅವು ಬರುತ್ತವೆ, ಕೊನೆಗೆ ಕಣ್ಣಿನ ಮಟ್ಟ ದಾಟಿ ಚಾವಣಿಗೆ ಸೇರುತ್ತವೆ, ಆಗ ಕೆಳಗೆ ವಾದ್ಯದವರು ಶ್ರುತಿ ಮಾಡಿಕೊಂಡ ಸದ್ದು ನಿಲ್ಲುತ್ತದೆ. ಈ ವರ್ಷ ತಂಗಿ ಬರುತ್ತಾಳೆ. ಅವಳಿಗೂ ನನಗೂ ಫ್ಯಾಮಿಲಿ ಸರ್ಕಲ್, ಸಿ ಸಾಲು, ನಟ್ಟನಡುವಿನ ಎರಡು ಸೀಟು ತಗೊಂಡಾಗಿದೆ.